ಅಪ್‌ಡೇಟ್: ನಮ್ಮ ಲ್ಯಾಬ್ರಡಾರ್‌ನ ಸೊಂಟದ ಎಕ್ಸ್‌-ರೇ ಆಯಿತು

ನಾವು ಪುಣೆಯ ಕೋಥ್ರೂಡ್‌ನವರು. ಮರಿ ಹಾಕಿಸುವ ಮೊದಲು, ಮರಿಗಳಿಗೂ ಬರಬಹುದಾದ ಸೊಂಟದ ಕೀಲಿನ ದೋಷ ಇದೆಯಾ ಅಂತ ನೋಡಲು ನಮ್ಮ ಹೆಣ್ಣು ಲ್ಯಾಬ್ರಡಾರ್‌ಗೆ ಸೊಂಟದ ಎಕ್ಸ್‌-ರೇ ಬೇಕಾ, ನಡಿಗೆ ನೋಡಿದರೆ ಸಾಲದಾ ಅಂತ ಕೇಳಿದ್ದೆ. ಬೇಕೇ ಬೇಕು ಅಂದವರಿಗೆಲ್ಲ ಥ್ಯಾಂಕ್ಸ್. ಮಾಡಿಸಿದೆವು.

ಸ್ವಲ್ಪ ತಡವಾಯಿತು, ಅವಳು ಬೆದೆಗೆ ಬಂದಿದ್ದಳು. ಆಗ ಹಾರ್ಮೋನ್‌ನಿಂದ ಕೀಲು ಸಡಿಲವಾಗಿ ಕಾಣಬಹುದು. ಅದಕ್ಕೇ ಮೂರು-ನಾಲ್ಕು ವಾರ ಬಿಟ್ಟು ತೆಗೆಸುವುದು ಒಳ್ಳೆಯದು.

ಮಂಪರು ಬರಿಸಿ, ಅಂಗಾತ ಮಲಗಿಸಿ, ಹಿಂಗಾಲೆರಡನ್ನೂ ನೇರ ಚಾಚಿ, ಮಂಡಿ ಒಳಕ್ಕೆ ತಿರುಗಿಸಿ ತೆಗೆಯುತ್ತಾರೆ. ಮೊದಲನೆಯದರಲ್ಲಿ ಸೊಂಟ ವಾರೆಯಾಗಿತ್ತು. ಹಾಗಾದರೆ ಒಂದು ಕಡೆಯ ಗುಳಿ (ತೊಡೆಮೂಳೆಯ ತಲೆ ಕೂರುವ ಜಾಗ) ಸುಮ್ನೆ ಆಳ ಕಡಿಮೆ ಇರುವಂತೆ ಕಾಣುತ್ತದೆ. ಮತ್ತೆ ತೆಗೆಸಿದೆವು. ನನ್ನ ಪ್ರಕಾರ ಇಲ್ಲಿ ಮಾತ್ರ ಸಂಕೋಚ ಬೇಡ, ಕೇಳಿ ತೆಗೆಸಿ.

ಚಿತ್ರ ನಾಯಿಗಳ ಸೊಂಟಕ್ಕೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಓಎಫ್‌ಎಗೆ (ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್) ಹೋಯಿತು. ಮೂವರು ರೇಡಿಯಾಲಜಿಸ್ಟ್‌ಗಳು ಬೇರೆ ಬೇರೆಯಾಗಿ ನೋಡುತ್ತಾರೆ. ನಾಯಿಗೆ 24 ತಿಂಗಳು ತುಂಬಿರಬೇಕು, ಅದಕ್ಕೂ ಮುಂಚೆ ತೆಗೆಸಿದರೆ ಪ್ರಾಥಮಿಕ ವರದಿ ಅಷ್ಟೇ. ಚಿತ್ರ ಇದೇ ನಾಯಿಯದು ಅನ್ನುವುದಕ್ಕೆ ಮೈಕ್ರೋಚಿಪ್ ನಂಬರನ್ನೂ ಕೊಟ್ಟಿದ್ದೆವು.

ಏಳು ದರ್ಜೆಗಳಲ್ಲಿ ನಮ್ಮವಳಿಗೆ 'ಫೇರ್' ಬಂತು. ಎಕ್ಸಲೆಂಟ್, ಗುಡ್ ಆದಮೇಲೆ ಬರುವುದು ಅದು. ಪಾಸ್! ಹಾಗಾಗಿ ಗಂಡು ಕನಿಷ್ಠ 'ಗುಡ್' ಇರಲಿ ಅಂತ ನಮ್ಮಾಸೆ. ನೋಡಿದ ಗಂಡಿನ ಮಾಲೀಕರು "ಚೆನ್ನಾಗಿ ಓಡ್ತಾನೆ ಅಲ್ವಾ, ಎಕ್ಸ್‌-ರೇ ಯಾಕೆ" ಅಂದರು. ಬೇರೆ ಗಂಡು ಹುಡುಕುತ್ತಿದ್ದೇವೆ.