ಸರ್ವೈವಲ್ ಆಟಗಳ ‘ಡೆತ್ ಪೆನಾಲ್ಟಿ’ಗೆ ಏನನ್ನೋಣ? ದಂಡವೋ, ಒತ್ತೆಯೋ?

ಎಲ್ಲರಿಗೂ ನಮಸ್ಕಾರ,

ಮೈನ್‌ಕ್ರಾಫ್ಟ್, ವ್ಯಾಲ್‌ಹೈಮ್ ಥರದ ಸರ್ವೈವಲ್ ಆಟಗಳ, ಅಂದರೆ ಸಾಮಾನು ಕೂಡಿಸಿಕೊಂಡು ಬದುಕುಳಿಯಬೇಕಾದ ವಿಡಿಯೊ ಆಟಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಮೂರು ಪದಗಳ ಹತ್ತಿರ ಬಂದು ನಿಂತಿದ್ದೇನೆ, ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಡೆತ್ ಪೆನಾಲ್ಟಿ. ಆಟದಲ್ಲಿ ಸತ್ತರೆ ಏನಾದರೂ ಕಳೆದುಕೊಳ್ಳಬೇಕಲ್ಲ, ಅದಕ್ಕೆ ಆಡುವವರು ಹೇಳುವ ಹೆಸರು ಇದು. ಪದಕ್ಕೆ ಪದ ಇಟ್ಟರೆ ಮರಣದಂಡನೆ ಆಗುತ್ತದೆ, ಅರ್ಥ ಪೂರ್ತಿ ತಲೆಕೆಳಗು. ಮರಣದಂಡನೆಯಲ್ಲಿ ತಪ್ಪಿಗೆ ಸಾವು. ಇಲ್ಲಿ ಸತ್ತಿದ್ದಕ್ಕೇ ಶಿಕ್ಷೆ. ‘ಸಾವಿನ ದಂಡ’ ಅಂದರೆ ಗೊಂದಲ ಇಲ್ಲ, ಕೇಳೋಕೂ ಪರವಾಗಿಲ್ಲ. ಆದರೆ ದಂಡ ಅಂದರೆ ನಮ್ಮ ಮನಸ್ಸಿಗೆ ಬರುವುದು ಕಟ್ಟಿ ಕೈತೊಳೆದುಕೊಳ್ಳುವ ದುಡ್ಡು. ಟಿಕೆಟ್ ಇಲ್ಲದೆ ಬಸ್ಸಲ್ಲಿ ಸಿಕ್ಕಿಬಿದ್ದರೆ ಕಟ್ಟುವುದು ದಂಡ, ಅದು ವಾಪಸ್ ಬರಲ್ಲ. ‘ಸುಮ್ನೆ ದುಡ್ಡು ದಂಡ ಆಯ್ತು’ ಅನ್ನುವಾಗಲೂ ಹೋದದ್ದು ಹೋಯಿತು ಅಂತಲೇ ಅರ್ಥ. ಈ ಆಟಗಳಲ್ಲಿ ಎಷ್ಟೋ ಸಲ ಹಾಗಲ್ಲ.

ಮೈನ್‌ಕ್ರಾಫ್ಟನ್ನೇ ನೋಡಿ. ಗುಹೆಯೊಳಗೆ ಸತ್ತರೆ ಮೈಮೇಲಿದ್ದದ್ದೆಲ್ಲ ಅಲ್ಲೇ ನೆಲಕ್ಕೆ ಚೆಲ್ಲುತ್ತದೆ. ಗುದ್ದಲಿ, ಕತ್ತಿ, ಹಾಕಿಕೊಂಡ ಕವಚ, ಅಗೆದು ತಂದ ವಜ್ರ, ಎಲ್ಲ. ನೀವು ನಿಮ್ಮ ಹಾಸಿಗೆಯ ಪಕ್ಕ ಬರಿಗೈಯಲ್ಲಿ ಎದ್ದು ನಿಲ್ಲುತ್ತೀರಿ. ಚೆಲ್ಲಿದ್ದು 5 ನಿಮಿಷದಲ್ಲಿ ಮಾಯ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಆ ಜಾಗ ದೂರದಲ್ಲಿದ್ದು ಅಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಆಟ ಆ ಭಾಗವನ್ನು ನಡೆಸುವುದನ್ನೇ ನಿಲ್ಲಿಸಿರುತ್ತದೆ, ಗಡಿಯಾರವೂ ಅಲ್ಲಿಗೇ ನಿಂತಿರುತ್ತದೆ. ನೀವು ಹತ್ತಿರ ಹೋದ ಮೇಲೆ ಉಳಿದ ನಿಮಿಷಗಳು ಮತ್ತೆ ಓಡಲು ಶುರು. ಅದಕ್ಕೇ ಗೊತ್ತಿದ್ದವರು ಗಾಬರಿಯಿಂದ ಓಡುವುದಿಲ್ಲ. ಪೆಟ್ಟಿಗೆಯಿಂದ ರೊಟ್ಟಿ, ಹಳೇ ಕತ್ತಿ, ನಾಲ್ಕು ಪಂಜು ತಗೊಂಡು ಹೊರಡುತ್ತಾರೆ. ಲಾವಾದಲ್ಲಿ ಬಿದ್ದು ಸತ್ತಿದ್ದರೆ ಬೇರೆ ಮಾತು. ಸಾಮಾನೆಲ್ಲ ಸುಟ್ಟುಹೋಗಿರುತ್ತದೆ, ನೆದರೈಟ್ ಅನ್ನುವ ಆಟದ ಲೋಹದ್ದು ಮಾತ್ರ ಉಳಿಯುತ್ತದೆ.

ಗುಹೆಯಲ್ಲಿ ಬಿದ್ದಿರುವ ಆ ಸಾಮಾನಿಗೆ ನನಗೆ ತೋಚಿದ ಪದ ‘ಒತ್ತೆ’. ವಸ್ತು ನಿಮ್ಮದೇ, ಆದರೆ ಕೈಯಲ್ಲಿಲ್ಲ. ಹೋಗಿ ಬಿಡಿಸಿಕೊಳ್ಳಬೇಕು, ಗಡುವು ಬೇರೆ ಇದೆ. ‘ಸಾಮಾನು ಒತ್ತೆ ಬಿತ್ತು, ಬಿಡಿಸಿಕೊಂಡು ಬಂದೆ’ ಅಂದರೆ ಆಡುವವರಿಗೆ ತಕ್ಷಣ ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ. ಒತ್ತೆ ನಾವಾಗಿಯೇ ಇಡುವುದಲ್ವಾ, ಇಲ್ಲಿ ಯಾರೂ ಬೇಕೆಂದು ಇಟ್ಟಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಒತ್ತೆಯಾಳು ಕೂಡ ತಾನಾಗಿ ಹೋದವನಲ್ಲ, ಹಾಗಾಗಿ ಪದಕ್ಕೆ ಆ ಕಡೆಗೂ ಜಾಗ ಇದೆ. ಮುಟ್ಟುಗೋಲು, ಜಫ್ತಿ ಎರಡನ್ನೂ ಯೋಚಿಸಿ ಕೈಬಿಟ್ಟೆ. ಅವಕ್ಕೆ ಕಸಿದುಕೊಳ್ಳುವ ಅಧಿಕಾರಿ ಒಬ್ಬ ಬೇಕು.

ಇವೆರಡು ಬೇರೆ ಬೇರೆ ಪದ ಬೇಕೇ ಬೇಕು ಅಂತ ನಾನು ಹಟ ಹಿಡಿಯಲು ಕಾರಣ ವ್ಯಾಲ್‌ಹೈಮ್. 2021ರಲ್ಲಿ ಬಂದ ಆಟ. ಅದರಲ್ಲಿ ಸತ್ತರೆ ನಿಮ್ಮ ಸಾಮಾನೆಲ್ಲ ಒಂದು ಗೋರಿಕಲ್ಲಿನೊಳಗೆ ಸೇರಿ ನೀವು ಬರುವ ತನಕ ಹಾಗೇ ಇರುತ್ತದೆ, 5 ನಿಮಿಷದ ಗಡುವು ಇಲ್ಲ. ಆದರೆ ಓಟ, ಕತ್ತಿವರಸೆ, ಮರ ಕಡಿಯುವುದು ಹೀಗೆ ನೀವು ಬೆಳೆಸಿಕೊಂಡ ಕೈಚಳಕಗಳೆಲ್ಲ ಶೇ. 5ರಷ್ಟು ಇಳಿಯುತ್ತವೆ. ಗೋರಿ ಮುಟ್ಟಿದರೂ ಅದು ವಾಪಸ್ ಬರಲ್ಲ, ಮತ್ತೆ ದುಡಿದೇ ಬೆಳೆಸಬೇಕು. ಅಂದರೆ ಸಾಮಾನು ಒತ್ತೆ, ಕೈಚಳಕ ದಂಡ. ಒಂದೇ ಸಾವಿನಲ್ಲಿ ಎರಡೂ ಇವೆ. ಒಮ್ಮೆ ಸತ್ತ ಮೇಲೆ 10 ನಿಮಿಷ ಇನ್ನೊಮ್ಮೆ ದಂಡ ಬೀಳುವುದಿಲ್ಲ, ಏಕೆಂದರೆ ಒತ್ತೆ ಬಿಡಿಸಿಕೊಳ್ಳಲು ಹೋದವರು ಅದೇ ಜಾಗದಲ್ಲಿ ಮತ್ತೆ ಸಾಯುವುದೇ ಜಾಸ್ತಿ. ನಾನು ಆಡಿದವುಗಳಲ್ಲಿ ಇಷ್ಟು ಹದವಾಗಿ ತೂಗಿಸಿದ್ದು ಇದೊಂದೇ.

ಈಗ ಎರಡನೇ ಜೋಡಿ, ಇನ್ವೆಂಟರಿ ಮತ್ತು ಸ್ಟೋರೇಜ್. ಇನ್ವೆಂಟರಿಗೆ ಎಲ್ಲರೂ ‘ದಾಸ್ತಾನು’ ಅಂತ ಬರೆಯುತ್ತಾರೆ. ನನಗೆ ಇದು ಸರಿಯೆನಿಸುವುದಿಲ್ಲ. ದಾಸ್ತಾನು ಗೋಡೌನಿನಲ್ಲಿ ಇರುವಂಥದು. ಆಟದಲ್ಲಿ ಇನ್ವೆಂಟರಿ ಅಂದರೆ ನಾವು ಹೊತ್ತು ತಿರುಗುವುದು, ಸತ್ತರೆ ಹೋಗುವುದು ಅದೇ. ಮನೆಯ ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕೆ ಏನೂ ಆಗಲ್ಲ. ಎರಡಕ್ಕೂ ದಾಸ್ತಾನು ಅಂದುಬಿಟ್ಟರೆ ಆಟದ ಜೀವಾಳವೇ ಕಾಣದೆ ಹೋಗುತ್ತದೆ. ಹೊತ್ತದ್ದಕ್ಕೆ ‘ಗಂಟು’, ಇಟ್ಟದ್ದಕ್ಕೆ ‘ಉಗ್ರಾಣ’ ಅನ್ನೋಣವೇ? ಚೀಲ ಅನ್ನಬಹುದಿತ್ತು, ಆದರೆ ಮೈಗೆ ತೊಟ್ಟ ಕವಚ ಚೀಲದಲ್ಲಿ ಇರುವುದಿಲ್ಲವಲ್ಲ. ಗಂಟಿನ ಬೆನ್ನಿಗೆ ಕಳೆದುಹೋಗುವ ಭಯ ಮೊದಲಿಂದಲೇ ಅಂಟಿಕೊಂಡಿದೆ, ‘ನಿನ್ನ ಗಂಟೇನು ಹೋಗುತ್ತೆ’ ಅಂತ ಜಗಳದಲ್ಲೂ ಕೇಳುತ್ತೇವೆ. ಒಂದು ತೊಡಕಿದೆ. ಕೂಡಿಟ್ಟ ಹಣಕ್ಕೂ ಗಂಟು ಅನ್ನುತ್ತೇವೆ, ಇಡುಗಂಟು ಅಂತ ಪದವೇ ಇದೆ. ಅಷ್ಟಕ್ಕೇ ಈ ಪದ ಬಿಡಬೇಕೇ, ಹೇಳಿ.

ಗಂಟು ಮತ್ತು ಉಗ್ರಾಣದ ನಡುವಿನ ಗೆರೆ ಅಳಿಸಿದಷ್ಟೂ ಸಾವಿಗೆ ಬೆಲೆ ಕಡಿಮೆ. ಮೈನ್‌ಕ್ರಾಫ್ಟಿಗೆ 2012ರಲ್ಲಿ ಎಂಡರ್ ಪೆಟ್ಟಿಗೆ ಬಂತು. ಅದರಲ್ಲಿ ಒಂದು ಕಡೆ ಇಟ್ಟದ್ದನ್ನು ಲೋಕದ ಬೇರೆ ಯಾವ ಎಂಡರ್ ಪೆಟ್ಟಿಗೆ ತೆರೆದರೂ ತೆಗೆಯಬಹುದು. 2016ರಲ್ಲಿ ಶಲ್ಕರ್ ಪೆಟ್ಟಿಗೆ ಬಂತು, ಅದನ್ನು ತುಂಬಿದ ಹಾಗೇ ಎತ್ತಿಕೊಂಡು ಹೋಗಬಹುದು. ಎರಡಕ್ಕೂ 27 ಮನೆ. ಇಲ್ಲಿ ಮನೆ ಅಂದರೆ ಸ್ಲಾಟ್, ಚೌಕಾಬಾರದ ಪಟದ ಚೌಕಕ್ಕೆ ಹೇಳುವ ಹಾಗೆ. ಎಂಡರ್ ಪೆಟ್ಟಿಗೆ ತುಂಬ ಶಲ್ಕರ್ ಇಟ್ಟರೆ 729 ಮನೆಯ ಸಾಮಾನು ಸಾವಿನ ಕೈಗೆ ಸಿಗದೆ ಹೋದಲ್ಲೆಲ್ಲ ಸಿಗುತ್ತದೆ. ಅಲ್ಲಿಗೆ ಬಂದವರಿಗೆ ಸಾವು ಸಣ್ಣ ಅಡಚಣೆ ಅಷ್ಟೇ. ಅತ್ತ ಹೊಸಬರ ಪಾಡು ಇದರ ಉಲ್ಟಾ. ವಜ್ರದ ಕತ್ತಿ ಹೋದೀತು ಅಂತ ಪೆಟ್ಟಿಗೆಯಲ್ಲೇ ಬಚ್ಚಿಟ್ಟು ಕಬ್ಬಿಣದ್ದು ಹಿಡಿದು ಹೋಗಿ, ಅದಕ್ಕೇ ಸಾಯುತ್ತಾರೆ. ಕಳೆದುಕೊಳ್ಳುವ ಭಯ ಅತಿಯಾದರೆ ಒಳ್ಳೆಯ ಸಾಮಾನು ಉಗ್ರಾಣದಲ್ಲೇ ಕೊಳೆಯುತ್ತದೆ, ಇದು ಆಟ ಕಟ್ಟುವವರು ಗಮನಿಸಲೇಬೇಕಾದ ವಿಷಯ.

ಕೊನೆಯದಾಗಿ ಸಬ್‌ನಾಟಿಕಾ, ಸಮುದ್ರದೊಳಗೆ ನಡೆಯುವ ಇನ್ನೊಂದು ಸರ್ವೈವಲ್ ಆಟ. ಅಲ್ಲಿ ಸತ್ತರೆ ಕೊನೆಯ ಸಲ ನೆಲೆಯಿಂದ ಹೊರಟ ಮೇಲೆ ಹೆಕ್ಕಿದ್ದರಲ್ಲಿ ಒಂದಷ್ಟು ಹೋಗುತ್ತದೆ. ಅದಕ್ಕೂ ಮುಂಚೆ ನೆಲೆ ಮುಟ್ಟಿಸಿದ್ದು, ಕೈಲಿದ್ದರೂ, ಉಳಿಯುತ್ತದೆ. ಚೌಕಾಬಾರದಲ್ಲಿ ದಾರಿಯಲ್ಲಿರುವ ಕಾಯಿಯನ್ನು ಕಡಿಯಬಹುದು, ನಡುಮನೆ ಮುಟ್ಟಿ ಹಣ್ಣಾದದ್ದನ್ನು ಮುಟ್ಟುವಂತಿಲ್ಲ, ಇದೂ ಅದೇ ಲೆಕ್ಕ. ಹಾಗಾದರೆ ಸಾಮಾನನ್ನು ಭದ್ರ ಮಾಡುವುದಕ್ಕೆ, ಆಡುವವರು ‘ಸೇಫ್ ಮಾಡ್ಕೊಂಡೆ’ ಅನ್ನುತ್ತಾರಲ್ಲ ಅದಕ್ಕೆ, ‘ಹಣ್ಣು ಮಾಡಿದೆ’ ಅನ್ನಬಹುದೇ? ನಮ್ಮ ಮನೆಯಲ್ಲಿ ದೊಡ್ಡವರು ಈ ಮಾತನ್ನು ಈಗಲೂ ಆಡುತ್ತಾರೆ. ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಇದಕ್ಕೆ ಏನನ್ನುತ್ತೀರಿ? ಕಡಿಸಿಕೊಂಡ ಕಾಯಿಗೆ ‘ಸತ್ತಿತು’ ಅನ್ನುತ್ತೀರೋ ಬೇರೆ ಮಾತಿದೆಯೋ, ಅದನ್ನೂ ತಿಳಿಸಿ.