ಕಿಲಿಮಂಜಾರೋ ಬೆಟ್ಟ ಏರಿ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು: ನಮ್ಮಕ್ಕನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದ್ರೆ ಸ್ನಾಯುಗಳು ದಿನೇ ದಿನೇ ಶಕ್ತಿ ಕಳ್ಕೊಳ್ಳೋ ಕಾಯಿಲೆ. ಸ್ಕೂಲಿನ ಮೆಟ್ಟಿಲು ಹತ್ತೋಕೆ ಈಗ ಆಗ್ತಿಲ್ಲ. ಈ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸೋಕೆ ಆಫ್ರಿಕಾದ ಕಿಲಿಮಂಜಾರೋ (5,895 ಮೀಟರ್) ಹತ್ತಬೇಕು ಅಂತಿದ್ದೀನಿ. ದೇವರಾಯನದುರ್ಗ ಬಿಟ್ಟು ಬೇರೆ ಬೆಟ್ಟ ಹತ್ತಿಲ್ಲ. ತಯಾರಿ ಹೇಗೆ? ದುಡ್ಡು ಕೇಳೋದು ಹೇಗೆ?

ಮಧುಗಿರಿ: ಕಾಲು ಪಳಗಬೇಕಂದ್ರೆ ನಮ್ಮೂರಿನ ಏಕಶಿಲಾ ಬೆಟ್ಟಕ್ಕೆ ಬನ್ನಿ. ಮೇಲೆ ಹೋಗ್ತಾ ಬರೀ ಬಂಡೆ. ಕಡಿದಿರೋ ಸಣ್ಣ ಗುಳಿಗಳಲ್ಲಿ ಕಾಲಿಟ್ಟು ಕಂಬಿ ಹಿಡಿದು ಹತ್ತಬೇಕು. ಬೆನ್ನಿಗೆ ಭಾರ ಹಾಕ್ಕೊಂಡೇ ಬನ್ನಿ, ಇಳಿಯೋದನ್ನೂ ಅಭ್ಯಾಸ ಮಾಡಿ. ಕಿಲಿಮಂಜಾರೋದಲ್ಲಿ ತುದಿ ಮುಟ್ಟಿದ ದಿನವೇ ಎಷ್ಟೋ ದಾರಿಗಳಲ್ಲಿ ಎರಡು ಸಾವಿರ ಮೀಟರಿಗೂ ಹೆಚ್ಚು ಇಳಿಸ್ತಾರೆ, ಮಂಡಿ ಸೋಲೋದು ಅಲ್ಲಿ. ಮಳೆ ಬಂದ ದಿನ ಮಾತ್ರ ನಮ್ಮ ಬೆಟ್ಟ ಬೇಡ, ಬಂಡೆ ಜಾರುತ್ತೆ.

ಕೋಲಾರ, ನರ್ಸ್: ಮಧುಗಿರಿ ಅಣ್ಣ ಹೇಳಿದ್ದು ಕಾಲಿಗೆ ಸರಿ. ಆದ್ರೆ ಆ ಬೆಟ್ಟ ಸುಮಾರು 1,200 ಮೀಟರ್. ಕಿಲಿಮಂಜಾರೋ ತುದೀಲಿ ಒಂದೊಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅದಕ್ಕೆ ಊರಲ್ಲೇ ತಯಾರಿ ಮಾಡ್ಕೊಳ್ಳೋಕೆ ಆಗಲ್ಲ, ಅಲ್ಲೇ ನಿಧಾನ ಮಾಡಬೇಕು. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಂದು ದಿನ ವಿಶ್ರಾಂತಿ ಬೇಕು. ಕಿಲಿಮಂಜಾರೋದ ಬಹಳಷ್ಟು ಪ್ಯಾಕೇಜುಗಳು ಇದಕ್ಕಿಂತ ಬೇಗ ಏರಿಸ್ತವೆ. ಐದು ದಿನದ ಅಗ್ಗದ ಪ್ಯಾಕೇಜ್ ತಗೋಬೇಡಿ ರೀ, ಏಳೆಂಟು ದಿನದ್ದು ತಗೊಳ್ಳಿ.

ನಾನು ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋದಾಗ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದ ಹುಡುಗ ಒಬ್ಬ ಇದ್ದ, ದಿನಾ ಮುಂದೆ ಅವನೇ. ಬೇಸ್ ಕ್ಯಾಂಪಿಗೆ ಸ್ವಲ್ಪ ಮುಂಚೆ ಸಿಗೋ ಲೊಬುಚೆಯಲ್ಲಿ ಬೆಳಿಗ್ಗೆ ಶೂ ಲೇಸ್ ಕಟ್ಟೋಕೆ ಕೂತವನು ಎರಡೂ ತುದಿ ಕೈಲಿ ಹಿಡ್ಕೊಂಡು ಸುಮ್ಮನೆ ನೋಡ್ತಾ ಇದ್ದ. ನಡೆಸಿದ್ರೆ ಓಲಾಡ್ತಿದ್ದ. ಗೈಡ್ ತಕ್ಷಣ ಕೆಳಗಿಳಿಸಿದ್ರು, ಬದುಕಿದ. ಎತ್ತರ ಮೈಗೆ ಒಗ್ಗದಿದ್ರೆ ಹೀಗಾಗುತ್ತೆ. ಬರೀ ತಲೆನೋವಾದ್ರೆ ಅಲ್ಲೇ ನಿಲ್ಲಿ, ಏರಬೇಡಿ. ನಡಿಗೆ ತಪ್ಪಿದ್ರೆ, ಮಾತು ತೊದಲಿದ್ರೆ, ಕೂತಲ್ಲೇ ಏದುಸಿರು ಬಂದ್ರೆ ರಾತ್ರಿಯಾದ್ರೂ ಇಳೀರಿ. ಎತ್ತರಕ್ಕೆ ಒಗ್ಗೋಕೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ಡಾಕ್ಟರನ್ನ ಕೇಳದೆ ನುಂಗಬೇಡಿ.

ಚಿಂತಾಮಣಿ, ಲೆಕ್ಕಪತ್ರ ಕೆಲಸ: ವಿಮಾನ, ಗೈಡ್, ಬಟ್ಟೆ ಖರ್ಚು ನಿಮ್ಮ ಕೈಯಿಂದಲೇ ಇರಲಿ. "ನೀವು ಕೊಟ್ಟದ್ದರಲ್ಲಿ ಒಂದು ರೂಪಾಯಿಯೂ ನನ್ನ ಪ್ರಯಾಣಕ್ಕಲ್ಲ" ಅಂತ ಮೊದಲನೇ ಸಾಲಲ್ಲೇ ಬರೀರಿ. ಹಣ ನಿಮ್ಮ ಖಾತೆಗೆ ಬೇಡ, ಸೀದಾ ಸಂಶೋಧನೆ ಮಾಡಿಸೋ ಸಂಸ್ಥೆಗೇ ಹೋಗಲಿ. ಅದು ಯಾವ ಸಂಶೋಧನೆಗೆ ಅಂತ ಅವರಿಂದ ಮೊದಲೇ ಪತ್ರ ತಗೊಳ್ಳಿ. ಸಂಸ್ಥೆಗೆ 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆ ರಿಯಾಯಿತಿ ಸಿಗೋ ಮಾನ್ಯತೆ) ಇದ್ರೂ 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಸಿಗಲ್ಲ, ಹೊಸ ತೆರಿಗೆ ಪದ್ಧತಿಯವರಿಗಂತೂ ಇಲ್ಲವೇ ಇಲ್ಲ. ವಿದೇಶದಲ್ಲಿರೋ ನೆಂಟರು ಅಲ್ಲಿನ ಪೌರತ್ವ ತಗೊಂಡಿದ್ರೆ, ಅವರ ಹಣ ಪಡೆಯೋಕೆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಬೇಕು.

ಗೌರಿಬಿದನೂರು: ನನ್ನ ಮಗನಿಗೂ ಇದೇ ಕಾಯಿಲೆ. ಈ ಮಕ್ಕಳ ಸ್ನಾಯುಗಳಲ್ಲಿ ಇಲ್ಲದ ಡಿಸ್ಟ್ರೋಫಿನ್ ಪ್ರೋಟೀನ್ ಗುರುತಿಸಿದ್ದು 1987ರಲ್ಲಿ, ಪೂರ್ತಿ ಗುಣಪಡಿಸೋ ಔಷಧ ಇನ್ನೂ ಇಲ್ಲ. ಹಾಗಾಗಿ ಸಂಶೋಧನೆಗೆ ಅಂತ ನೀವು ಕೇಳ್ತಿರೋದು ನನಗೆ ಬಹಳ ಬೇಕಾದ ಕೆಲಸ. ಆದ್ರೆ ಈ ಹಣದಿಂದ ನಾಳೆಯೇ ಹುಡುಗ ವಾಸಿಯಾಗ್ತಾನೆ ಅಂತ ಜನ ತಿಳ್ಕೊಳ್ಳೋ ಹಾಗೆ ಬರೀಬೇಡಿ. ಅವನ ಫೋಟೋ ಹಾಕೋ ಮುಂಚೆ ಅಕ್ಕನನ್ನಲ್ಲ, ಅವನನ್ನೇ ಕೇಳಿ. ಬೇಡ ಅಂದ್ರೆ ಬೇಡ. ಮಾಮ ತುದಿ ಮುಟ್ಟದೆ ವಾಪಸ್ ಬರಬಹುದು ಅನ್ನೋದನ್ನೂ ಹೊರಡೋ ಮುಂಚೆ ಅವನಿಗೆ ಹೇಳಿ, ಹಣ ಕೊಟ್ಟವರಿಗೂ ಹೇಳಿ. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಹಾಕಿ, ನಮ್ಮ ಊರಿನ ಅಂಗಡಿಗಳಲ್ಲಿ ನಾನು ಕೇಳ್ತೀನಿ.