ಅಪ್ಪನನ್ನು ಕೊಂದಿದ್ದು ‘ನೀನು’ ಅನ್ನಬೇಕೋ, ‘ನೀವು’ ಅನ್ನಬೇಕೋ?

ಗೆಳೆಯರೇ,

1987ರ ‘ದಿ ಪ್ರಿನ್ಸೆಸ್ ಬ್ರೈಡ್’ ಸಿನಿಮಾದ ಒಂದು ಡೈಲಾಗಿಗೆ ಕನ್ನಡ ಹುಡುಕುತ್ತಿದ್ದೇನೆ. “ಹಲೋ. ಮೈ ನೇಮ್ ಈಸ್ ಇನಿಗೊ ಮೊಂಟೊಯಾ. ಯು ಕಿಲ್ಡ್ ಮೈ ಫಾದರ್. ಪ್ರಿಪೇರ್ ಟು ಡೈ.” ಕಷ್ಟದ ಪದ ಒಂದೂ ಇಲ್ಲ. ಆದರೂ ‘ಯು’ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಸಿನಿಮಾ ನೋಡದವರಿಗೆ ಸಂದರ್ಭ ಹೇಳಿಬಿಡ್ತೀನಿ. ಇನಿಗೊನ ಅಪ್ಪ ಸ್ಪೇನಿನಲ್ಲಿ ಕತ್ತಿ ಮಾಡುವ ಕಸುಬುದಾರ. ಕೈಯಲ್ಲಿ ಆರು ಬೆರಳಿರುವ ದೊಡ್ಡ ಮನುಷ್ಯನೊಬ್ಬ ಕತ್ತಿ ಮಾಡಿಸಿ, ಮಾತಾಡಿದ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ಕೊಡ್ತೀನಿ ಅನ್ನುತ್ತಾನೆ. ಅಪ್ಪ ಒಪ್ಪುವುದಿಲ್ಲ. ಅವನು ಮಾತೇ ಆಡದೆ ಅಪ್ಪನನ್ನು ಕೊಲ್ಲುತ್ತಾನೆ. ಆಗ ಮಗನಿಗೆ 11 ವರ್ಷ. ಆಮೇಲೆ 20 ವರ್ಷ ಕತ್ತಿವರಸೆ ಕಲಿಯುವುದು, ಆ ಕೈಯನ್ನು ಹುಡುಕುವುದು. ಸಿಕ್ಕ ದಿನ ಏನು ಹೇಳಬೇಕು ಅಂತ ಅವನು ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾನೆ.

ಹಾಗಾಗಿ ಇದು ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತಲ್ಲ. ಮೊದಲು ನಮಸ್ಕಾರ, ಆಮೇಲೆ ಹೆಸರು, ಆಮೇಲೆ ಲೆಕ್ಕ. ಈ ಮರ್ಯಾದೆಯಲ್ಲೇ ಅದರ ಮಜಾ ಇರುವುದು. ಟೀ ಶರ್ಟುಗಳ ಮೇಲೂ ಇದನ್ನು ಸಭೆ ಸಮಾರಂಭಗಳಲ್ಲಿ ಎದೆಗೆ ಅಂಟಿಸುವ ‘ಹಲೋ, ಮೈ ನೇಮ್ ಈಸ್’ ಚೀಟಿಯ ಥರಾನೇ ಅಚ್ಚು ಹಾಕುತ್ತಾರೆ. 2013ರಲ್ಲಿ ಸಿಡ್ನಿಯಿಂದ ಆಕ್ಲೆಂಡಿಗೆ ಹೊರಟ ವಿಮಾನದಲ್ಲಿ ಒಬ್ಬರು ಅಂಥ ಶರ್ಟು ಹಾಕಿದ್ದರು. ಬೇರೆ ಪ್ರಯಾಣಿಕರು ಹೆದರುತ್ತಾರೆ, ತೆಗೀರಿ ಅಂದರಂತೆ ಸಿಬ್ಬಂದಿ!

‘ಎಲವೋ ದುರುಳ’ ಅಂತ ಶುರು ಮಾಡಿದರೆ ಅದು ಕಂಪನಿ ನಾಟಕ ಆಗಿಬಿಡುತ್ತೆ. ‘ಸಾಯಲು ಸಿದ್ಧನಾಗು’ ಅಂದರೆ ಡಬ್ಬಿಂಗ್ ವಾಸನೆ. ನನ್ನ ಪ್ರಯತ್ನ ಹೀಗಿದೆ: “ನಮಸ್ಕಾರ. ನನ್ನ ಹೆಸರು ಇನಿಗೊ ಮೊಂಟೊಯಾ. ನಮ್ಮಪ್ಪನ್ನ ಕೊಂದವರು ನೀವು. ಮನೆದೇವರನ್ನ ನೆನೆಸಿಕೊಳ್ಳಿ.”

‘ನೀವು’ ಇಟ್ಟುಕೊಳ್ಳೋಕೆ ಇನ್ನೊಂದು ಕಾರಣ ಇದೆ. ಕೊನೆಯ ಕಾಳಗದಲ್ಲಿ ಹೊಟ್ಟೆಗೆ ಏಟು ತಿಂದ ಇನಿಗೊ ಗೋಡೆ ಹಿಡಿದು ಎದ್ದು ಇದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ದನಿ ಏರುತ್ತಾ ಹೋಗುತ್ತದೆ. ‘ನಿಲ್ಲಿಸು ಅದನ್ನ’ ಅಂತ ಎದುರಾಳಿಯೇ ಕಿರುಚುತ್ತಾನೆ. ಆಮೇಲೆ ಜೀವಭಿಕ್ಷೆ, ಏನು ಕೇಳಿದರೂ ಕೊಡ್ತೀನಿ ಅನ್ನೋದು. ಅದಕ್ಕೆ ಇನಿಗೊನ ಉತ್ತರ: ನನ್ನ ಅಪ್ಪ ವಾಪಸ್ ಬೇಕು. ಜೊತೆಗೊಂದು ಬೈಗುಳ. ಪಾತ್ರ ಮಾಡಿದ ಮ್ಯಾಂಡಿ ಪಟಿಂಕಿನ್ ತಮ್ಮ ತಂದೆಯನ್ನು ಕ್ಯಾನ್ಸರಿನಲ್ಲಿ ಕಳೆದುಕೊಂಡಿದ್ದರು. ಆ ದೃಶ್ಯದಲ್ಲಿ ತಾವು ಕೊಂದಿದ್ದು ಆ ಕ್ಯಾನ್ಸರನ್ನೇ ಅಂತ ಅವರು ಹೇಳಿದ್ದಾರೆ.

ಅಲ್ಲಿಯವರೆಗೂ ‘ನೀವು’ ಉಳಿಸಿಕೊಂಡು, ಅಲ್ಲಿ ಮಾತ್ರ “ನಂಗೆ ನಮ್ಮಪ್ಪ ಬೇಕು ಕಣೋ” ಅಂದರೆ? ಇಂಗ್ಲಿಷಿನ ಒಂದೇ ‘ಯು’ಗೆ ಈ ಇಳಿತ ಸಾಧ್ಯವಿಲ್ಲ. (ಬೈಗುಳಕ್ಕೆ ಕನ್ನಡದಲ್ಲಿ ಬರ ಇಲ್ಲ, ಅದು ನಿಮಗೇ ಬಿಟ್ಟಿದ್ದು.)

ಇನ್ನೊಂದು ಸಣ್ಣ ಪ್ರಶ್ನೆ. ಎಲ್ಲ ಮುಗಿದ ಮೇಲೆ ಅವನು, ಇಷ್ಟು ವರ್ಷ ಸೇಡಿನ ಕಸುಬೇ ಮಾಡಿಕೊಂಡಿದ್ದೆ, ಇನ್ನು ಮುಂದೆ ಏನು ಮಾಡಲಿ ಅನ್ನುತ್ತಾನೆ. ಅಲ್ಲಿ ‘ಸೇಡು’ ಬಿಟ್ಟು ‘ಮುಯ್ಯಿ’ ಹಾಕಬಹುದಾ? ಮದುವೆಮನೆಯಲ್ಲಿ ಓದಿಸುವ ಮುಯ್ಯಿಯೂ ತಿರುಗಿ ಕೊಡಲೇಬೇಕಾದ ಸಾಲವೇ ಅಲ್ವಾ. ಆದರೆ ನಿಮ್ಮ ಕಡೆ ‘ಮುಯ್ಯಿ ತೀರಿಸಿದ’ ಅಂದರೆ ಮೊದಲು ನೆನಪಾಗೋದು ಉಡುಗೊರೆಯೋ, ಹಗೆಯೋ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ತಿಳಿಸಿ.